ಸಿಮ್ಯುಲೇಷನ್ ಸಿನಿಮಾಗಳು: ಒಳಗೇ ಉಳಿದವರ ಕಡೆಯಿಂದ ನೋಡೋಣವೇ?

ಗುಮ್ಮಟನಗರಿ, ವಿಜಯಪುರ

ನಮಸ್ಕಾರ ಎಲ್ಲರಿಗೂ. ನಮ್ಮ ಸಿನಿಮಾ ಬಳಗದಿಂದ ನಾಲ್ಕು ಭಾನುವಾರ ಒಂದೇ ವಿಷಯದ ಸಿನಿಮಾ ತೋರಿಸಬೇಕು ಅಂತ ಮಾಡಿದ್ದೇವೆ. ನಾವು ಬದುಕುತ್ತಿರುವ ಜಗತ್ತು ಯಾರೋ ಕಂಪ್ಯೂಟರ್‌ನಲ್ಲಿ ನಡೆಸುತ್ತಿರುವ ಲೆಕ್ಕ ಆಗಿದ್ದರೆ? ಇಂಥ ಲೆಕ್ಕದ ಜಗತ್ತಿಗೇ ಸಿಮ್ಯುಲೇಷನ್ ಅನ್ನುತ್ತಾರೆ. ಇದೇ ವಿಷಯ. ಸ್ಟೇಷನ್ ರಸ್ತೆ ಹತ್ತಿರ ಸಣ್ಣ ಹಾಲ್ ಸಿಕ್ಕಿದೆ. ಕಾಲೇಜು ಹುಡುಗರೂ ಬರುತ್ತಾರೆ, ಹಿರಿಯರೂ ಬರುತ್ತಾರೆ. ಯಾವ ನಾಲ್ಕು ಅಂತ ಇಲ್ಲೇ ಮಾತಾಡಿ ಗೊತ್ತುಮಾಡೋಣ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಿನಿಮಾಗಳ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವುದು, 'ಇದೆಲ್ಲ ಸುಳ್ಳಾ? ಹೊರಗೆ ಬರೋದು ಹೇಗೆ?' ಅಂತ. ನಾಯಕ ಹೊರಗೆ ಬಂದರೆ ಕಥೆ ಮುಗಿಯಿತು. ಒಳಗೇ ಉಳಿದವರನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಕಾಡುವುದು ಅವರೇ. ಲೆಕ್ಕದಿಂದ ಹುಟ್ಟಿದವನಿಗೂ ಹೆದರಿಕೆ ಆಗುತ್ತಿದ್ದರೆ, ಹುಟ್ಟಿಸಿದವರಿಗೆ ಅವನ ಬಗ್ಗೆ ಏನೂ ಹೊಣೆ ಇಲ್ಲವೇ?

'ದ ಥರ್ಟೀಂತ್ ಫ್ಲೋರ್' ನೋಡಿದವರಿಗೆ ನೆನಪಿರಬಹುದು. 1999ರ ಚಿತ್ರ. ಒಂದು ಕಂಪನಿಯವರು 1937ರ ಲಾಸ್ ಏಂಜಲೀಸ್ ನಗರವನ್ನು ಕಂಪ್ಯೂಟರ್ ಒಳಗೆ ಕಟ್ಟಿದ್ದಾರೆ. ಹೊರಗಿನವರು ಅಲ್ಲಿನ ಯಾರದೋ ಮೈಯೊಳಗೆ ಹೊಕ್ಕು, ಬೇಕಾದ್ದು ಮಾಡಿ ವಾಪಸ್ ಬರುತ್ತಾರೆ. ಆ ಮೈ ಯಾರದೋ ಅವನಿಗೆ ನಡುವಿನ ಹೊತ್ತಿನ ಸರಿಯಾದ ನೆನಪೇ ಇರುವುದಿಲ್ಲ. ಅಲ್ಲಿನ ಒಬ್ಬ ಬಾರ್‌ಟೆಂಡರ್ ತನಗೆ ಬರೆಯದ ಒಂದು ಪತ್ರ ಓದಿ, ಅದು ಹೇಳಿದಂತೆ ಮಾಡಿ, ತನ್ನ ಜಗತ್ತು ಎಂಥದ್ದು ಅಂತ ತಿಳಿದುಕೊಳ್ಳುತ್ತಾನೆ. ಹೊರಗಿನವನು ಎದುರಿಗೆ ಸಿಕ್ಕಾಗ ಅವನ ಮೇಲೆ ಬೀಳುತ್ತಾನೆ. ಆ ಸಿಟ್ಟನ್ನು ನೋಡಿ. ಹುಚ್ಚನ ಸಿಟ್ಟಲ್ಲ ಅದು. ನ್ಯಾಯ ಕೇಳುವವನ ಸಿಟ್ಟು.

ನನ್ನ ಓಟು ಇದಕ್ಕೆ. ಉಳಿದ ಮೂರು ನೀವು ಹೇಳಿ.

ಎಂಟೆಕ್ ಹುಡುಗ, ಬೆಳಗಾವಿ

ಅಣ್ಣಾ, 'ಮ್ಯಾಟ್ರಿಕ್ಸ್' ಬಿಟ್ಟು ಈ ಸಾಲು ಮಾಡುವುದು ಹೇಗೆ? 1999ರ ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ, ಎರಡೇ ತಿಂಗಳಲ್ಲಿ, ಅಮೆರಿಕದಲ್ಲಿ 'ಮ್ಯಾಟ್ರಿಕ್ಸ್', 'ಎಕ್ಸಿಸ್ಟೆನ್ಸ್', 'ಥರ್ಟೀಂತ್ ಫ್ಲೋರ್' ಮೂರೂ ಬಿಡುಗಡೆಯಾದವು. ವಿಷಯ ಹತ್ತಿರಹತ್ತಿರ ಒಂದೇ. ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಮೊದಲನೆಯದು. ನಾಲ್ಕು ಆಸ್ಕರ್ ಬಂದದ್ದೂ ಅದಕ್ಕೇ. ಹಾಂಗ್‌ಕಾಂಗ್‌ನ ಯುಯೆನ್ ವೂ ಪಿಂಗ್ ಅವರು ನಟರಿಗೆ ತಿಂಗಳುಗಟ್ಟಲೆ ಕುಂಗ್ ಫೂ ಕಲಿಸಿ ಆ ಹೊಡೆದಾಟಗಳನ್ನು ಕಟ್ಟಿದರು.

ಆದರೆ ನಾನು ಹೊಡೆದಾಟಕ್ಕಾಗಿ ಹೇಳುತ್ತಿಲ್ಲ. ಅದರಲ್ಲಿ ಯಂತ್ರಗಳು ಮನುಷ್ಯರನ್ನು ತೊಟ್ಟಿಯಲ್ಲಿ ಮಲಗಿಸಿ, ಮ್ಯಾಟ್ರಿಕ್ಸ್ ಎಂಬ ಕಂಪ್ಯೂಟರ್ ಜಗತ್ತನ್ನೇ ನಿಜ ಅಂತ ನಂಬಿಸಿರುತ್ತವೆ. ನಾಯಕ ನಿಯೋ ಕನ್ನಡಿ ಮುಟ್ಟುತ್ತಾನಲ್ಲ, ಆಮೇಲೆ ಕೊಳವೆಗಳ ನಡುವೆ ಕಣ್ಣು ಬಿಡುತ್ತಾನಲ್ಲ, ಆ ಕೆಲವು ನಿಮಿಷ ಹದಿನೆಂಟರ ಹುಡುಗರಿಗೆ ಬೇರೆ ಥರ ತಟ್ಟುತ್ತದೆ. 'ನನಗೆ ಇಷ್ಟು ದಿನ ಹೇಳಿಕೊಟ್ಟದ್ದೆಲ್ಲ ಯಾರ ಅನುಕೂಲಕ್ಕೆ?' ಅಂತ ಕೇಳುವ ವಯಸ್ಸು ಅದು. ಹೊರಗೆ ಬರುವ ಆಸೆಯನ್ನು ಸಣ್ಣದು ಅನ್ನಬೇಡಿ. ಎಷ್ಟೋ ಮಂದಿಗೆ ಬದುಕು ಬದಲಾಗುವುದೇ ಅಲ್ಲಿಂದ.

ಗುಮ್ಮಟನಗರಿ, ವಿಜಯಪುರ

ಸಣ್ಣದು ಅನ್ನುತ್ತಿಲ್ಲ ತಮ್ಮಾ. ನನಗೂ ಆ ಚಿತ್ರ ಬಹಳ ಇಷ್ಟ. ಆದರೆ ಆ ಲಾಬಿಯ ಗುಂಡಿನ ಕಾಳಗ ಮತ್ತೊಮ್ಮೆ ನೋಡು. ನಿಯೋ, ಅವನ ಜೊತೆಗಾತಿ ಟ್ರಿನಿಟಿ ಇಬ್ಬರೂ ಒಳಗೆ ಬಂದು ಕಾವಲಿನವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾರೆ. ಚಿತ್ರದ ನಿಯಮದ ಪ್ರಕಾರವೇ ಅವರು ಯಾರು? ಎಲ್ಲೋ ತೊಟ್ಟಿಯಲ್ಲಿ ಮಲಗಿರುವ ನಿಜವಾದ ಮನುಷ್ಯರು. ಮ್ಯಾಟ್ರಿಕ್ಸ್ ಒಳಗೆ ಸತ್ತರೆ ಹೊರಗೂ ಸಾಯುತ್ತಾರೆ ಅಂತ ಚಿತ್ರವೇ ಹೇಳಿದೆ. ಬಿಡಿಸಲು ಹೊರಟದ್ದೇ ಅವರನ್ನು ಅಲ್ವಾ? ಒಂದು ಕ್ಷಣವಾದರೂ ಕ್ಯಾಮೆರಾ ಅವರ ಮುಖದ ಮೇಲೆ ನಿಲ್ಲಬೇಕಿತ್ತು. ಕಂಬದ ಚೂರು ಹಾರುವುದನ್ನು ತೋರಿಸಿದಷ್ಟು ಪ್ರೀತಿಯಿಂದ ಅವರನ್ನು ತೋರಿಸಲಿಲ್ಲ.

ನವನಗರದ ಫಿಜಿಕ್ಸ್ ಟೀಚರ್, ಬಾಗಲಕೋಟೆ

ನನ್ನ ಮಕ್ಕಳಿಗೆ, ಅಂದರೆ ಕ್ಲಾಸಿನ ಮಕ್ಕಳಿಗೆ, 'ಮ್ಯಾಟ್ರಿಕ್ಸ್' ಒಂದು ಒಳ್ಳೆಯ ಲೆಕ್ಕ ಕೊಡುತ್ತದೆ. ಯಂತ್ರಗಳು ಮನುಷ್ಯರಿಂದ ಕರೆಂಟು ತೆಗೆಯುತ್ತವೆ ಅಂತ ಅದರಲ್ಲಿದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 2,000 ಕಿಲೋಕ್ಯಾಲೊರಿ ಉಣ್ಣುತ್ತಾನೆ ಅನ್ನೋಣ. ಅಂದರೆ ಸುಮಾರು 84 ಲಕ್ಷ ಜೂಲ್. ದಿನದ 86,400 ಸೆಕೆಂಡಿಗೆ ಭಾಗಿಸಿದರೆ ಹತ್ತಿರಹತ್ತಿರ 97 ವಾಟ್. ಒಂದು ಹಳೆಯ ನೂರರ ಬಲ್ಬಿನಷ್ಟೂ ಇಲ್ಲ. ಅದೂ ಉಣಿಸಿದ್ದಕ್ಕಿಂತ ಜಾಸ್ತಿ ಎಂದೂ ವಾಪಸ್ ಬರುವುದಿಲ್ಲ, ಬಂದದ್ದೂ ಬಹುಪಾಲು ಬರೀ ಬಿಸಿ. ಆ ಅನ್ನವನ್ನೇ ನೇರ ಸುಟ್ಟರೆ ಯಂತ್ರಗಳಿಗೆ ಲಾಭ.

ಕಥೆಯ ಅಡಿಪಾಯ ಹೀಗೆ ಸಡಿಲವಾಗಿದ್ದರೂ ನಿಯೋನ ಗುಂಪಿನವನೇ ಆದ ಸೈಫರ್ ಹೋಟೆಲಿನಲ್ಲಿ ಕೂತು ಮಾಂಸದ ತುಂಡು ತಿನ್ನುವ ದೃಶ್ಯ ನನಗೆ ಬೇಕೇ ಬೇಕು. ಇದು ಸುಳ್ಳು ಅಂತ ಗೊತ್ತಿದ್ದೂ ರುಚಿಗಾಗಿ ಒಳಗೇ ಇರುತ್ತೇನೆ ಅನ್ನುತ್ತಾನೆ. ತತ್ವಶಾಸ್ತ್ರದ ರಾಬರ್ಟ್ ನೋಜಿಕ್ 1974ರಲ್ಲೇ ಇದನ್ನು ಕೇಳಿದ್ದರು: ಬೇಕಾದ ಅನುಭವವನ್ನೆಲ್ಲ ಕೊಡುವ ಯಂತ್ರ ಇದ್ದರೆ ಜೀವನಪೂರ್ತಿ ಅದಕ್ಕೆ ಜೋಡಿಸಿಕೊಳ್ಳುತ್ತೀರಾ? ನನ್ನ ಕ್ಲಾಸಿನಲ್ಲಿ ಈ ಪ್ರಶ್ನೆ ಹಾಕಿದರೆ ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ.

ಎರಕದ ಮನೆ, ಉದ್ಯಮಬಾಗ್, ಬೆಳಗಾವಿ

ನಾನು ಫೌಂಡ್ರಿ ಕೆಲಸದವನು. ಸಿಮ್ಯುಲೇಷನ್ ನಮಗೆ ದಿನದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮಾದರಿ, ಮಾಡುವ ಮೊದಲೇ ನಾವು ಎರಕವನ್ನು ಕಂಪ್ಯೂಟರ್‌ನಲ್ಲಿ ಹೊಯ್ದು ನೋಡುತ್ತೇವೆ. ಕರಗಿದ ಕಬ್ಬಿಣ ಅಚ್ಚಿನೊಳಗೆ ಹೇಗೆ ಹರಿಯುತ್ತದೆ, ಯಾವ ಭಾಗ ಮೊದಲು ಗಟ್ಟಿಯಾಗುತ್ತದೆ, ಯಾವುದು ಕೊನೆಗೆ. ಕೊನೆಗೆ ಗಟ್ಟಿಯಾಗುವ ಕಡೆ ಲೋಹ ಕುಗ್ಗಿ ಒಳಗೆ ಟೊಳ್ಳು ಬೀಳುತ್ತದೆ. ಅಲ್ಲಿಗೆ ಲೋಹ ಉಣಿಸಲು ರೈಸರ್ ಎಲ್ಲಿಡಬೇಕು ಅಂತ ಮೊದಲೇ ತಿಳಿದರೆ ರಿಜೆಕ್ಷನ್ ಕಡಿಮೆ. ಇದಕ್ಕೆ ಇಡೀ ಅಚ್ಚನ್ನು ಸಣ್ಣ ಸಣ್ಣ ಘನಗಳಾಗಿ ಒಡೆಯುತ್ತೇವೆ, ಮೆಶ್ ಅಂತೀವಿ. ಘನದ ಅಂಚನ್ನು ಅರ್ಧ ಮಾಡಿದರೆ ಘನಗಳ ಸಂಖ್ಯೆ 8 ಪಟ್ಟು. ಕಂಪ್ಯೂಟರ್ ಒದ್ದಾಡುತ್ತದೆ. ಅದಕ್ಕೇ ಬೇಕಾದ ಕಡೆ ಮಾತ್ರ ಸಣ್ಣ ಮೆಶ್, ಉಳಿದ ಕಡೆ ದೊಡ್ಡದು.

'ಥರ್ಟೀಂತ್ ಫ್ಲೋರ್'ನಲ್ಲಿ ನಾಯಕ ಕಾರು ಓಡಿಸುತ್ತಾ ಹೋಗಿ ಒಂದು ಕಡೆ ನಿಲ್ಲುತ್ತಾನೆ. ಮುಂದೆ ಬೆಟ್ಟ ಇಲ್ಲ, ಹೊಲ ಇಲ್ಲ, ಬರೀ ಹಸಿರು ಗೆರೆಗಳ ಬಲೆ. ಅದು ನಮ್ಮ ಮೆಶ್! ಯಾರೂ ಬರುವುದಿಲ್ಲ ಅಂತ ಆ ಕಡೆ ಕಟ್ಟದೇ ಬಿಟ್ಟಿದ್ದಾರೆ. ನಮ್ಮ ಕೆಲಸದವರಿಗೆ ಆ ದೃಶ್ಯ ಎಷ್ಟು ಹತ್ತಿರದ್ದು ಅಂತ ಹೇಳಲಾರೆ.

ನಿಕ್ ಬೋಸ್ಟ್ರಮ್ ಎಂಬ ತತ್ವಜ್ಞಾನಿ 2003ರಲ್ಲಿ ಬರೆದ ಪ್ರಬಂಧದಲ್ಲೂ ಇದೇ ಮಾತಿದೆ. ಇಡೀ ಜಗತ್ತನ್ನು ಅಣು ಅಣುವಾಗಿ ಲೆಕ್ಕ ಹಾಕಬೇಕಿಲ್ಲ, ಯಾರಾದರೂ ನೋಡಿದಾಗ ಆ ಭಾಗ ತುಂಬಿದರೆ ಸಾಕು. ಮನುಷ್ಯಕುಲದ ಇಡೀ ಮಾನಸಿಕ ಚರಿತ್ರೆ ನಡೆಸಲು 10ರ ಘಾತ 33ರಿಂದ 36ರಷ್ಟು ಲೆಕ್ಕಗಳು ಬೇಕಾಗಬಹುದು ಅಂತ ಅವರ ಅಂದಾಜು. ಒಂದು ಗ್ರಹದಷ್ಟು ದೊಡ್ಡ ಕಂಪ್ಯೂಟರ್ ಸೆಕೆಂಡಿಗೆ 10ರ ಘಾತ 42ರಷ್ಟು ಮಾಡೀತು ಅಂತಲೂ ಬರೆದಿದ್ದಾರೆ. ಆದರೆ 'ನಾವು ಸಿಮ್ಯುಲೇಷನ್ ಒಳಗಿದ್ದೇವೆ' ಅಂತ ಅವರು ಸಾಧಿಸಿಬಿಟ್ಟಿದ್ದಾರೆ ಅನ್ನುವುದು ಸರಿಯಲ್ಲ. ಅವರು ಹೇಳಿದ್ದು ಮೂರರಲ್ಲಿ ಒಂದಾದರೂ ನಿಜ ಅಂತ. ಅಷ್ಟು ಮುಂದುವರಿಯುವ ಮೊದಲೇ ಬಹುತೇಕ ಎಲ್ಲ ನಾಗರಿಕತೆಗಳು ಅಳಿಯುತ್ತವೆ. ಇಲ್ಲವೇ ಮುಂದುವರಿದವರು ಇಂಥ ಕೆಲಸಕ್ಕೆ ಕೈ ಹಾಕುವುದೇ ಇಲ್ಲ. ಅವೆರಡೂ ಅಲ್ಲದಿದ್ದರೆ ನಾವು ಒಳಗಿರುವ ಸಾಧ್ಯತೆಯೇ ಬಹಳ.

ಈಗ ಗುಮ್ಮಟನಗರಿಯವರಿಗೆ ನನ್ನ ತಕರಾರು. ನಮ್ಮ ಕಂಪ್ಯೂಟರಿನ ಕಬ್ಬಿಣ 1,400 ಡಿಗ್ರಿ ಅಂತ ತೋರಿಸುತ್ತದೆ. ಪರದೆ ಮುಟ್ಟಿದರೆ ಕೈ ಸುಡುವುದಿಲ್ಲ. ಶಾಪ್‌ಫ್ಲೋರಿಗೆ ಹೋಗಿ ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಹತ್ತಿರ ನಿಂತರೆ ನಿಜವಾದ ಬಿಸಿ ಮುಖಕ್ಕೆ ಹೊಡೆಯುತ್ತದೆ. ಹಾಗಿದ್ದ ಮೇಲೆ ಕಂಪ್ಯೂಟರ್ ಒಳಗಿನವನ ನೋವು ನೋವೇ ಹೇಗಾಗುತ್ತದೆ?

ನವನಗರದ ಫಿಜಿಕ್ಸ್ ಟೀಚರ್, ಬಾಗಲಕೋಟೆ

ಸರ್, ನಿಮ್ಮ ಕಬ್ಬಿಣ ಪರದೆಯ ಹೊರಗೆ ಸುಡುವುದಿಲ್ಲ, ನಿಜ. ಆದರೆ ಅದೇ ಕಂಪ್ಯೂಟರ್ ಎರಡು ಸಂಖ್ಯೆ ಕೂಡಿಸಿದರೆ ಅದನ್ನು ಕೂಡಿಸುವ ಲೆಕ್ಕದ ನಕಲು ಅನ್ನುತ್ತೀರಾ? ಅದು ಲೆಕ್ಕವೇ. ಬಿಸಿಯ ನಕಲು ಬಿಸಿಯಲ್ಲ, ಲೆಕ್ಕದ ನಕಲು ಲೆಕ್ಕವೇ. ಮನಸ್ಸು ಯಾವ ಕಡೆಯದು? ಬಿಸಿಯ ಕಡೆಯದೋ, ಲೆಕ್ಕದ ಕಡೆಯದೋ? ಇದು ಇತ್ಯರ್ಥ ಆಗಿಲ್ಲ. ಇತ್ಯರ್ಥ ಆಗದೇ ಇರುವಾಗ, ನೋವಿದೆ ಅಂತ ಅಂದುಕೊಂಡು ನಡೆಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇಲ್ಲ ಅಂದುಕೊಂಡು ನಡೆದು, ಆಮೇಲೆ ಇತ್ತು ಅಂತ ಗೊತ್ತಾದರೆ ಸರಿಪಡಿಸಲು ಆಗುವುದಿಲ್ಲ.

ಎರಕದ ಮನೆ, ಉದ್ಯಮಬಾಗ್, ಬೆಳಗಾವಿ

ಇದನ್ನು ತಲೆಯಲ್ಲಿಟ್ಟುಕೊಂಡು ಒಂದು ರಾತ್ರಿ ಯೋಚನೆ ಮಾಡಬೇಕು ಮೇಡಂ.

ಪಾರಿಜಾತಪ್ರಿಯ, ಲೋಕಾಪುರ

ಹುಡುಗರು ಇಷ್ಟು ಚೆನ್ನಾಗಿ ಮಾತಾಡುವುದು ನೋಡಿ ನಾನೂ ಬರೆಯೋಣ ಅನಿಸಿತು. ಈ ಇಂಗ್ಲಿಷ್ ಚಿತ್ರಗಳಲ್ಲಿ ಒಂದೆರಡು ನೋಡಿದ್ದೇನೆ. ನಾನು ಬೆಳೆದದ್ದು ಕುಲಗೋಡ ತಮ್ಮಣ್ಣನ ಪಾರಿಜಾತ ಬಯಲಾಟ ನೋಡಿ.

ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ಅಳುವಾಗ ಕೂತ ಹೆಣ್ಣುಮಕ್ಕಳು ಅಳುತ್ತಾರೆ. ಕೃಷ್ಣನ ವೇಷ ಹಾಕಿದವನು ಪಕ್ಕದ ಓಣಿಯವನು ಅಂತ ಎಲ್ಲರಿಗೂ ಗೊತ್ತು, ಆದರೂ ಕೈ ಮುಗಿಯುತ್ತಾರೆ. ಭಾಗವತ ಪಾತ್ರವನ್ನೇ ನಿಲ್ಲಿಸಿ ನೀನು ಯಾರು, ಯಾತಕ್ಕೆ ಬಂದೆ ಅಂತ ಕೇಳುತ್ತಾನೆ. ಯಾರಿಗೂ ಮೋಸ ಇಲ್ಲ ಅಲ್ಲಿ. ಆಡುವವನು ಒಪ್ಪಿದ್ದಾನೆ, ನೋಡುವವನು ಒಪ್ಪಿದ್ದಾನೆ. ಬೆಳಗಿನ ಜಾವ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ. ನೀವು ಹೇಳುವ ಕಂಪ್ಯೂಟರಿನ ಮನುಷ್ಯನನ್ನು ಯಾರೂ ಒಪ್ಪಿಗೆ ಕೇಳಿಲ್ಲ. ತೊಳೆದುಕೊಳ್ಳಲು ಅವನಿಗೆ ಬಣ್ಣವೂ ಇಲ್ಲ. ನಿಜ, ಸುಳ್ಳು ಅನ್ನುವುದಕ್ಕಿಂತ ಈ ಒಪ್ಪಿಗೆಯ ಮಾತೇ ದೊಡ್ಡದು ಅಂತ ನನಗೆ ತೋರುತ್ತದೆ.

ಇನ್ನೊಂದು. ಯೋಗವಾಸಿಷ್ಠದಲ್ಲಿ ಲವಣ ರಾಜನ ಕಥೆ ಇದೆ, ಪುರಾಣ ಹೇಳುವವರ ಬಾಯಲ್ಲಿ ಕೇಳಿರುತ್ತೀರಿ. ಆಸ್ಥಾನಕ್ಕೆ ಒಬ್ಬ ಇಂದ್ರಜಾಲದವನು ಬಂದು ನವಿಲುಗರಿಯ ಕಟ್ಟು ಬೀಸುತ್ತಾನೆ. ರಾಜ ಕೂತಲ್ಲೇ ಮೈಮರೆಯುತ್ತಾನೆ. ಆಸ್ಥಾನದವರ ಕಣ್ಣಿಗೆ ಸ್ವಲ್ಪ ಹೊತ್ತು ಅಷ್ಟೇ. ರಾಜನಿಗೆ ಒಂದು ಇಡೀ ಜೀವನ. ಕುದುರೆ ಅವನನ್ನು ಕಾಡಿಗೆ ಒಯ್ಯುತ್ತದೆ, ಹಸಿದು ಕಂಗೆಡುತ್ತಾನೆ, ಊರಾಚೆಯ ಹಟ್ಟಿಯ ಹುಡುಗಿ ಉಣ್ಣಲು ಕೊಡುತ್ತಾಳೆ, ಅವಳನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಆಮೇಲೆ ಬರಗಾಲ. ಸಣ್ಣ ಮಗ ಹಸಿವೆ ಅಂತ ಅತ್ತಾಗ ಅವನು ತನ್ನ ಮೈಯನ್ನೇ ಕೊಡಲು ಬೆಂಕಿಗೆ ಬೀಳಲು ಹೋಗುತ್ತಾನೆ. ಆಗ ಸಿಂಹಾಸನದ ಮೇಲೆ ಎಚ್ಚರ.

ಬೇರೆ ಯಾರಾದರೂ ಬರೆದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಲವಣ ಸುಮ್ನೆ ಕೂರುವುದಿಲ್ಲ. ವಿಂಧ್ಯದ ಕಾಡಿಗೆ ಹುಡುಕಿಕೊಂಡು ಹೋಗುತ್ತಾನೆ. ಆ ಹಟ್ಟಿ ಅಲ್ಲಿದೆ. ಒಬ್ಬ ಮುದುಕಿ ಮಗಳನ್ನು, ಅಳಿಯನನ್ನು, ಮೊಮ್ಮಕ್ಕಳನ್ನು ನೆನೆದು ಅಳುತ್ತಿದ್ದಾಳೆ. ಗುಮ್ಮಟನಗರಿ ತಮ್ಮನ ಪ್ರಶ್ನೆ ಅಲ್ಲೇ ಇದೆ ನೋಡಿ. ಎಚ್ಚರವಾದವನು ವಾಪಸ್ ಹೋಗಿ ಅವರು ಏನಾದರು ಅಂತ ಕೇಳಬೇಕು.

ಗುಮ್ಮಟನಗರಿ, ವಿಜಯಪುರ

ಕಾಕಾರೆ, ಕೈ ಮುಗಿದೆ. ನಾನು ಹುಡುಕುತ್ತಿದ್ದ ಮಾತು ಇದೇ. ನೀವು ಒಂದು ಭಾನುವಾರ ಬಂದು ಹಾಲ್‌ನಲ್ಲಿ ಈ ಕಥೆ ಹೇಳಬೇಕು. ಕರೆದುಕೊಂಡು ಬರುವ ವ್ಯವಸ್ಥೆ ನಮ್ಮದು.

ಎಂಟೆಕ್ ಹುಡುಗ, ಬೆಳಗಾವಿ

ಕಾಕಾರ ಕಥೆ ಓದಿದ ಮೇಲೆ 'ಮ್ಯಾಟ್ರಿಕ್ಸ್' ಪರವಾಗಿ ಇನ್ನೂ ಗಟ್ಟಿ ಮಾತು ಸಿಕ್ಕಿತು. 2003ರ ಮೂರನೆಯ ಭಾಗ, 'ರೆವಲ್ಯೂಷನ್ಸ್', ಎಲ್ಲರೂ ಬೈದರು. ಆದರೆ ಅದರ ಮೊದಲಲ್ಲೇ ಒಂದು ರೈಲು ನಿಲ್ದಾಣ ಬರುತ್ತದೆ. ನಿಯೋ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಒಂದು ಭಾರತೀಯ ಕುಟುಂಬ ರೈಲಿಗೆ ಕಾಯುತ್ತಿದೆ. ರಾಮ-ಕಾಂದ್ರ, ಕಮಲಾ, ಮಗಳು ಸತಿ. ಮೂವರೂ ಪ್ರೋಗ್ರಾಂಗಳು, ಮನುಷ್ಯರಲ್ಲ. ಮಗಳಿಗೆ ಯಂತ್ರಗಳ ಜಗತ್ತಿನಲ್ಲಿ ಒಂದು ಕೆಲಸ ಅಂತ ಇಲ್ಲ, ಹಾಗಾಗಿ ಅವಳನ್ನು ಅಳಿಸಿಹಾಕುತ್ತಾರೆ. ತಂದೆ ತಾಯಿ ಅವಳನ್ನು ಉಳಿಸಲು ಕಳ್ಳದಾರಿಯಲ್ಲಿ ಕಳಿಸುತ್ತಿದ್ದಾರೆ. ಪ್ರೋಗ್ರಾಂ ಪ್ರೀತಿಯ ಮಾತಾಡುವುದು ಕೇಳಿ ನಿಯೋಗೆ ಆಶ್ಚರ್ಯ. ಅಲ್ಲಿಯವರೆಗೆ ಪ್ರೋಗ್ರಾಂ ಅಂದರೆ ಅವನಿಗೆ ಶತ್ರು.

ಅಣ್ಣಾ, ಲಾಬಿಯಲ್ಲಿ ತಪ್ಪಿಹೋಯಿತು ಅಂತ ನೀವು ಹೇಳಿದ ದೃಷ್ಟಿ ಇಲ್ಲಿ ಬಂದಿದೆ. ಆ ಚಿತ್ರದ ಕೊನೆಯ ಹೆಸರುಗಳ ಜೊತೆ ಕೇಳಿಸುವ ಹಾಡಿನಲ್ಲಿ ಬೃಹದಾರಣ್ಯಕದ 'ಅಸತೋಮಾ ಸದ್ಗಮಯ' ಇದೆ. ಮಾಡಿದವರಿಗೆ ಈ ಕಡೆಯ ವಿಚಾರ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ನಂಬಿಕೆ.

ನವನಗರದ ಫಿಜಿಕ್ಸ್ ಟೀಚರ್, ಬಾಗಲಕೋಟೆ

ನನ್ನ ಓಟು 'ಡಾರ್ಕ್ ಸಿಟಿ'ಗೆ. 1998ರ ಚಿತ್ರ, ಅಲೆಕ್ಸ್ ಪ್ರೊಯಾಸ್ ನಿರ್ದೇಶನ. ಇದರಲ್ಲಿ ಕಂಪ್ಯೂಟರ್ ಇಲ್ಲ. ನಡುರಾತ್ರಿ ಊರೆಲ್ಲ ನಿದ್ದೆ ಹೋಗುತ್ತದೆ, ಕಟ್ಟಡಗಳು ಬೆಳೆಯುತ್ತವೆ, ಸರಿಯುತ್ತವೆ, ಕರಗುತ್ತವೆ. ಮಲಗಿದವರ ತಲೆಗೆ ಬೇರೆ ಯಾರದೋ ನೆನಪು ಚುಚ್ಚುತ್ತಾರೆ. ಬೆಳಗ್ಗೆ ಬಡವ ಸಾಹುಕಾರನಾಗಿ ಏಳುತ್ತಾನೆ. ಬೆಳಗ್ಗೆ ಅನ್ನುವುದೂ ತಪ್ಪು, ಆ ಊರಿಗೆ ಬೆಳಗೇ ಇಲ್ಲ.

ಬಾಗಲಕೋಟೆಯವರಿಗೆ ಈ ಚಿತ್ರ ಬೇರೆ ಥರ ಕಾಣುತ್ತದೆ. ಆಲಮಟ್ಟಿ ಜಲಾಶಯಕ್ಕೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ಈಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ. 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ, ಏರಿಸಿದರೆ ಮತ್ತಷ್ಟು ಹೋಗುತ್ತದೆ. ನಾವೆಲ್ಲ ಸೆಕ್ಟರ್ ನಂಬರಿನ ಹೊಸ ಊರಿಗೆ ಬಂದೆವು. ಹೊಸ ರಸ್ತೆ ಅಗಲ ಇದೆ, ಗಿಡಮರ ಇದೆ, ಅದರ ಬಗ್ಗೆ ದೂರಿಲ್ಲ.

'ಡಾರ್ಕ್ ಸಿಟಿ'ಯಲ್ಲಿ ಶೆಲ್ ಬೀಚ್ ಅಂತ ಒಂದು ಜಾಗ. ಎಲ್ಲರಿಗೂ ನೆನಪಿದೆ, ದಾರಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ತಡವರಿಸುತ್ತಾರೆ. ನಮ್ಮ ಹಿರಿಯರಿಗೆ ಮುಳುಗಿದ ಒಂದು ಓಣಿಯ ದಾರಿ ಕೇಳಿ ನೋಡಿ. ಇಬ್ಬರು ಕೂತರೆ ಜಗಳವೇ ಶುರು. ಕಿರಾಣಿ ಅಂಗಡಿ ಬಾವಿಯ ಈ ಕಡೆ ಇತ್ತು ಅಂತ ಒಬ್ಬರು, ಆ ಕಡೆ ಅಂತ ಇನ್ನೊಬ್ಬರು. ಬಾವಿ ನೀರು ಸೇದುವಾಗ ಯಾರ ಕಾಲು ಮುರಿಯಿತು ಅಂತ ಮೂರನೆಯವರು. ಚುಚ್ಚಿದ ನೆನಪು ಚಿತ್ರಪಟದ ಹಾಗೆ ಎಲ್ಲರಿಗೂ ಒಂದೇ ಥರ ಇರುತ್ತದೆ, ಅದರೊಳಗೆ ಹೆಜ್ಜೆ ಇಡಲು ಆಗುವುದಿಲ್ಲ. ಬದುಕಿದ ನೆನಪು ಜಗಳವಾಡುತ್ತದೆ. ಈ ಚಿತ್ರ ನೋಡಿದ ಮೇಲೆ ಹಿರಿಯರನ್ನು ಕೂರಿಸಿಕೊಂಡು ಹಳೇ ಊರಿನ ನಕ್ಷೆ ಬರೆಸಬೇಕು ಅಂತ ನನ್ನ ಆಸೆ. ಇನ್ನು ತಡ ಮಾಡಿದರೆ ಹೇಳುವವರೇ ಇರುವುದಿಲ್ಲ.

ಒಂದು ಕೆಲಸದ ಮಾತು: ಥಿಯೇಟರಿಗೆ ಬಂದ ಪ್ರತಿಯಲ್ಲಿ ಶುರುವಿನಲ್ಲೇ ಒಂದು ಧ್ವನಿ ಗುಟ್ಟೆಲ್ಲ ಹೇಳಿಬಿಡುತ್ತದೆ. 2008ರಲ್ಲಿ ಬಂದ ನಿರ್ದೇಶಕರ ಪ್ರತಿಯಲ್ಲಿ ಅದು ಇಲ್ಲ. ಅದನ್ನೇ ತರಿಸಿ.

ಟಾಕೀಸ್ ಮಂದಿ, ಇಳಕಲ್

ಕನ್ನಡದ್ದು ಒಂದೂ ಇಲ್ಲವೇ? 'ಲೂಸಿಯಾ' ಹಾಕಿ. 2013ರಲ್ಲಿ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ, ನಿದ್ದೆ ಬಾರದವನು, ಗುಳಿಗೆ ನುಂಗಿ ಕನಸಿನಲ್ಲಿ ದೊಡ್ಡ ನಟನಾಗುತ್ತಾನೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಕಂಪ್ಯೂಟರ್ ಅಲ್ಲ, ಕನಸು ಅಂತ ಯಾರಾದರೂ ತಕರಾರು ತೆಗೆದಾರು. ಒಳಗಿರುವವನಿಗೆ ಆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ? ಟಾರ್ಚ್ ಹಿಡಿದವನ ಬದುಕು ಕನಸೋ ನನಸೋ, ಅವನ ಪ್ರೀತಿಯಂತೂ ನಮ್ಮದೇ ಅನಿಸುತ್ತದೆ. ಹಿರಿಯರಿಗೂ ಭಾಷೆಯ ತೊಂದರೆ ಇಲ್ಲ.

ಎರಕದ ಮನೆ, ಉದ್ಯಮಬಾಗ್, ಬೆಳಗಾವಿ

ರಾತ್ರಿ ಯೋಚನೆ ಮಾಡಿದೆ, ಮೇಡಂ. ನನ್ನ ತಕರಾರು ಪೂರ್ತಿ ಹೋಗಿಲ್ಲ, ಆದರೆ ಅದನ್ನು ಹಿಡಿದುಕೊಂಡೇ ಒಂದು ಚಿತ್ರ ಹೇಳುತ್ತೇನೆ. 'ಸೋರ್ಸ್ ಕೋಡ್', 2011, ಡಂಕನ್ ಜೋನ್ಸ್ ನಿರ್ದೇಶನ. ಶಿಕಾಗೋಗೆ ಹೋಗುವ ರೈಲಿನಲ್ಲಿ ಬಾಂಬ್ ಸಿಡಿದು ಎಲ್ಲರೂ ಸತ್ತಿದ್ದಾರೆ. ಒಬ್ಬ ಸೈನಿಕನನ್ನು ಆ ರೈಲಿನ ಕೊನೆಯ 8 ನಿಮಿಷದೊಳಗೆ ಮತ್ತೆ ಮತ್ತೆ ಕಳಿಸುತ್ತಾರೆ, ಬಾಂಬ್ ಇಟ್ಟವನನ್ನು ಹುಡುಕಲು. ಒಳಗಿನವರನ್ನು ಉಳಿಸುವ ಯೋಚನೆ ಬೇಡ, ಅವರು ಆಗಲೇ ಸತ್ತವರು ಅಂತ ಮೇಲಿನವರು ಹೇಳುತ್ತಾರೆ. ಅವನು ಕೇಳುವುದಿಲ್ಲ. ಎದುರಿಗೆ ಕೂತ ಹುಡುಗಿ ಮಾತಾಡುತ್ತಿದ್ದಾಳೆ, ನಗುತ್ತಿದ್ದಾಳೆ. ಅವಳು ಇಲ್ಲ ಅಂತ ಹೇಗೆ ಒಪ್ಪಲಿ ಅನ್ನುತ್ತದೆ ಅವನ ಮನಸ್ಸು. ನನ್ನ ಹಾಗೆ 'ಪರದೆ ಸುಡುವುದಿಲ್ಲ' ಅನ್ನುವವರಿಗೆ ತೋರಿಸಬೇಕಾದ ಚಿತ್ರ ಇದು. ಒಂದೂವರೆ ಗಂಟೆ ಅಷ್ಟೇ, ಬೇಸರ ಆಗುವುದಿಲ್ಲ.

ಬಿಡುವಿದ್ದವರಿಗೆ ಇನ್ನೊಂದು: ಜರ್ಮನಿಯ ಫಾಸ್‌ಬಿಂಡರ್ 1973ರಲ್ಲಿ ಟಿವಿಗಾಗಿ ಮಾಡಿದ 'ವರ್ಲ್ಡ್ ಆನ್ ಎ ವೈರ್'. 'ಥರ್ಟೀಂತ್ ಫ್ಲೋರ್' ಮತ್ತು ಇದು, ಎರಡಕ್ಕೂ ಮೂಲ ಡೇನಿಯಲ್ ಗಾಲೂಯೆಯ 1964ರ ಒಂದೇ ಕಾದಂಬರಿ. ಎಲ್ಲಿ ನೋಡಿದರೂ ಕನ್ನಡಿ, ಗಾಜು. ಮೂರೂವರೆ ಗಂಟೆ ಹತ್ತಿರ ಇದೆ, ಹಾಲ್‌ಗೆ ಆಗುವುದಿಲ್ಲ.

ಪಾರಿಜಾತಪ್ರಿಯ, ಲೋಕಾಪುರ

'ಟ್ರೂಮನ್ ಶೋ' ಅಂತ ಒಂದು ನನ್ನ ಮೊಮ್ಮಗಳು ತೋರಿಸಿದ್ದಳು. ಅದು ಬೇಡವೇ?

ಗುಮ್ಮಟನಗರಿ, ವಿಜಯಪುರ

ಬಹಳ ಒಳ್ಳೆಯ ಚಿತ್ರ ಕಾಕಾರೆ. ಆದರೆ ಅಲ್ಲಿ ಮೋಸ ಹೋದವನು ಒಬ್ಬನೇ, ಉಳಿದವರೆಲ್ಲ ಸಂಬಳದ ನಟರು. ಅವನು ಬಾಗಿಲು ದಾಟಿದರೆ ಒಳಗೆ ಬಿಟ್ಟುಬಂದ ನೋವು ಅಂತ ಇಲ್ಲ. ಈ ಸಾಲಿಗೆ ಅದು ಕೂರುವುದಿಲ್ಲ. 'ಎಕ್ಸಿಸ್ಟೆನ್ಸ್' ಕೂಡ ಬಿಡುತ್ತೇನೆ. ಮೈಯೊಳಗೆ ತಂತಿ ಚುಚ್ಚುವ ದೃಶ್ಯ ಜಾಸ್ತಿ, ಮನೆಮಂದಿ ಜೊತೆ ಕೂತು ನೋಡಲು ಆಗುವುದಿಲ್ಲ.

ಹೀಗೆ ಮಾಡೋಣ. ಮೊದಲ ಭಾನುವಾರ 'ಸೋರ್ಸ್ ಕೋಡ್'. ಕಥೆ ಓಡುತ್ತದೆ, ಹೊಸಬರಿಗೂ ಹಿಡಿಸುತ್ತದೆ, ಪ್ರಶ್ನೆಯೂ ಅಲ್ಲೇ ಶುರುವಾಗುತ್ತದೆ. ಎರಡನೆಯದು 'ಲೂಸಿಯಾ', ಅವತ್ತು ಕಾಕಾರ ಬಾಯಿಂದ ಲವಣ ರಾಜನ ಕಥೆ. ಮೂರನೆಯದು 'ಡಾರ್ಕ್ ಸಿಟಿ', ನಿರ್ದೇಶಕರ ಪ್ರತಿ. ಮೇಡಂ, ಬಾಗಲಕೋಟೆಯ ಇಬ್ಬರು ಮೂವರು ಹಿರಿಯರನ್ನು ಕರೆತರಲು ಆದರೆ ಚಿತ್ರ ಮುಗಿದ ಮೇಲೆ ನಕ್ಷೆಯ ಕೆಲಸ ಇಲ್ಲೇ ಶುರು ಮಾಡಬಹುದು, ದೊಡ್ಡ ಹಾಳೆ ನಾನು ತರುತ್ತೇನೆ. ಕೊನೆಗೆ 'ಥರ್ಟೀಂತ್ ಫ್ಲೋರ್'. ಇಂಗ್ಲಿಷ್ ಚಿತ್ರಗಳನ್ನು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಎರಡು ಮಾತು ಹೇಳುತ್ತೇವೆ.

ಎಂಟೆಕ್ ಹುಡುಗ, ಬೆಳಗಾವಿ

ಅಣ್ಣಾ, ಸತಿಯ ರೈಲು ನಿಲ್ದಾಣದ ದೃಶ್ಯ ಮಾತ್ರ ಬಿಡಬೇಡಿ. ಅಷ್ಟು ತೋರಿಸಿದರೆ ನಾನು ಪೂರ್ತಿ 'ಮ್ಯಾಟ್ರಿಕ್ಸ್' ಕೇಳುವುದಿಲ್ಲ.

ಗುಮ್ಮಟನಗರಿ, ವಿಜಯಪುರ

ಆಗಲಿ. ಕೊನೆಯ ಭಾನುವಾರ, 'ಥರ್ಟೀಂತ್ ಫ್ಲೋರ್' ಶುರುವಾಗುವ ಮೊದಲು ಅದನ್ನು ಹಾಕುತ್ತೇನೆ. ಅದರ ಬಗ್ಗೆ ಮಾತಾಡುವ ಜವಾಬ್ದಾರಿ ನಿನ್ನದು.